ಸೊಸೆಯ ಮೈಮೇಲೆ ಬಂದದ್ದು

ನನ್ನ ಸೊಸೆಯ ಮೈಮೇಲೆ ದೇವಿ ಬಂದಿರಲಿಲ್ಲ. ಬಂದದ್ದು ಫಿಟ್ಸು. ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಿದಳು, ಬಿದ್ದಳು. ಅಷ್ಟೇ.

ಆದರೆ ಬಿದ್ದದ್ದು ಮಂಗಳವಾರ, ಗೋವಾದ ಬೀಚಿನಲ್ಲಿ ಮಣಿಸರ ಮಾರುವಾಗ. ಜೊತೆಗೆ ಮಾರುವ ನಮ್ಮ ಕಡೆಯ ಹೆಂಗಸರು ಅವಳ ಹಣೆಗೆ ಭಂಡಾರ ಹಚ್ಚಿ, "ತಾಯಿ, ಈ ಸಲ ಸೀಜನ್ ಚಲೋ ಆಕ್ಕೈತೇನ?" ಎಂದು ಕೇಳಿದರಂತೆ. ಇವಳು ಏನೋ ತೊದಲಿದಳು. ಮರುದಿನವೇ ಬಸ್ಸು ತುಂಬ ಪ್ರವಾಸಿಗರು ಬಂದರು. ಅದುವರೆಗೆ 'ಬೀಳೋಕಿ' ಎಂದು ದೂರ ಕೂರಿಸುತ್ತಿದ್ದವರೇ ಕಾಲು ಮುಟ್ಟತೊಡಗಿದರು. ಮಾತ್ರೆ ತಿಂದರೆ ದೇವಿ ಮುನಿಯುತ್ತಾಳೆ ಎಂದೂ ಹೇಳಿದರು. ಇವಳು ಪೂರ್ತಿ ಬಿಟ್ಟಳು.

ಎರಡನೇ ಸಲ ಬಿದ್ದದ್ದು ಸಾಂಕೋಲೆಯ ನಮ್ಮ ಬಾಡಿಗೆ ಖೋಲಿಯಲ್ಲಿ, ಒಲೆಯ ಪಕ್ಕ. ಮೊಣಕೈ ಸುಟ್ಟಿತು.

"ದೇವಿ ತನ್ನ ಕೈ ತಾನ ಸುಟ್ಕೋತಾಳೇನ?" ಎಂದೆ.

"ಹಂಗ ಅನಬ್ಯಾಡ್ರಿ, ಅತ್ತಿ," ಎಂದು ಮುಖ ತಿರುಗಿಸಿದಳು.

ಅವಳ ಮಗಳು, ಅಂದರೆ ನನ್ನ ಮೊಮ್ಮಗಳು, ಕಾಲೇಜಿನಲ್ಲಿ ಕಲಿಯುವುದೇ ಇದನ್ನು: ಮಿದುಳಿನ ನರಕೋಶಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು. ಸಂಜೆ ಲ್ಯಾಪ್‌ಟಾಪನ್ನು ಅವ್ವನ ಮುಂದಿಟ್ಟಳು. ಪರದೆ ತುಂಬ ಚುಕ್ಕಿ. ಒಂದೊಂದೂ ಒಂದು ನರಕೋಶವಂತೆ. ಒಂದು ಮಿನುಗಿದರೆ ಪಕ್ಕದ್ದಕ್ಕೆ ಸುದ್ದಿ ಹೋಗುತ್ತದೆ. ಕೆಲವಕ್ಕೆ ಮಾತ್ರ ಉಳಿದವನ್ನು ಸುಮ್ಮನಿರಿಸುವ ಕೆಲಸ.

"ಆ ಸುಮ್ಮನಿರಸೋವು ಸೋತ್ರ ಏನಾಕ್ಕೈತಿ ನೋಡವ್ವಾ," ಎಂದು ಒಂದು ಅಂಕಿ ಬದಲಿಸಿದಳು. ಚುಕ್ಕಿಗಳೆಲ್ಲ ಒಟ್ಟಿಗೆ ಹೊತ್ತಿ, ಒಟ್ಟಿಗೆ ಆರಿ, ಮತ್ತೆ ಹೊತ್ತಿದವು. ಸೊಸೆಯ ಕೈಕಾಲು ಜಗ್ಗುವುದೂ ಹಾಗೆಯೇ.

"ಈ ಡಬ್ಬಿಗೂ ದೇವಿ ಬಂದಳೇನ?" ಎಂದೆ.

ಮೊಮ್ಮಗಳು ನಕ್ಕಳು. ಸೊಸೆ ನಗಲಿಲ್ಲ.

"ಇದರಾಗ ನಾ ಎಲ್ಲಿದೀನಿ?"

"ನೀ ಇಲ್ಲವ್ವಾ, ಇದು ಬರೇ ಲೆಕ್ಕ. ಖರೇ ತಲಿ ಇಷ್ಟು ಸರಳ ಇರಂಗಿಲ್ಲ. ಮಾತ್ರಿ ಹೆಂಗ ತಡೀತೈತಿ ಅನ್ನೂದು ಒಂದೀಟು ತಿಳೀತೈತಿ, ಅಷ್ಟ." ಮತ್ತೊಂದು ಅಂಕಿ ಬದಲಿಸಿದಳು. ಚುಕ್ಕಿಗಳು ಚದುರಿ ತಮ್ಮ ತಮ್ಮ ಪಾಡಿಗೆ ಮಿನುಗಿದವು.

ಸೊಸೆ ನನ್ನ ಕಡೆ ತಿರುಗಿದಳು. "ಮಾತ್ರಿ ತಗೊಂಡ್ರ ಅವರು ಮತ್ತ ನನ್ನ ದೂರ ಕೂಡಸ್ತಾರ್ರಿ, ಅತ್ತಿ."

ಬಂದದ್ದು ಫಿಟ್ಸೇ ಎಂದು ಅವಳಿಗೂ ಗೊತ್ತಿತ್ತು. ಪಕ್ಕದಲ್ಲಿ ಕೂರುವವರು ಬೇಕಿತ್ತು. ಅದಕ್ಕೆ ಬದಲಿಸುವ ಅಂಕಿ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ, ಹೆಂಗಸರು ದೇವಿಗೆಂದು ಕೊಟ್ಟಿದ್ದ ತೆಂಗಿನಕಾಯಿ ಒಡೆದು ಚಟ್ನಿ ಅರೆದೆ. ಸೊಸೆ ರೊಟ್ಟಿ ತಿಂದು ಮಾತ್ರೆ ನುಂಗಿದಳು. ನಾನು ಕೂರುವ ಮಣೆ ಎತ್ತಿಕೊಂಡು ಅವಳ ಹಿಂದೆ ಬೀಚಿಗೆ ಹೊರಟೆ.