ಮರಗಸಿ ಬೇಡವೆಂದ ವರ್ಷ

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಗಂಡನಿಗೆ ಮಂಗಳೂರಿನಿಂದ ಸಕಲೇಶಪುರದ ಬ್ಯಾಂಕಿಗೆ ವರ್ಗವಾಯಿತು. ಅಲ್ಲಿ ನಮಗೆ ಸಿಕ್ಕ ಮೊದಲ ಮನೆ ಹೆದ್ದಾರಿಗೆ ಮುಖ ಮಾಡಿತ್ತು. ಘಾಟಿ ಹತ್ತಿ ಬಂದ ಲಾರಿಗಳು ಎದುರಿಗೇ ನಿಂತು ಇಂಜಿನ್ ತಣಿಸಿಕೊಳ್ಳುತ್ತಿದ್ದವು. ಬೆಳಿಗ್ಗೆ ಕಿಟಕಿಯ ಅಂಚು ಒರೆಸಿದರೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಅಕ್ಷರ ಬರೆಯುವಷ್ಟು ಧೂಳು. ಐದು ವರ್ಷದ ಮಗಳು ಅದರ ಮೇಲೆ ತನ್ನ ಹೆಸರು ಬರೆದು, ಅಳಿಸಿ, ಕೆಮ್ಮುತ್ತಿದ್ದಳು. ಎರಡು ತಿಂಗಳಲ್ಲಿ ಕೆಮ್ಮು ಉಬ್ಬಸವಾಯಿತು. ಮಲಗಿದಾಗ ಎದೆಯಲ್ಲಿ ಸಣ್ಣ ಸೀಟಿ ಊದಿದ ಹಾಗೆ ಸದ್ದು.

ಡಾಕ್ಟರು ಸೀಸೆಗೆ ಔಷಧಿ ತುಂಬುತ್ತಾ, "ಇದನ್ನ ಕೊಡ್ತೀನಿ. ಆದ್ರೆ ಆ ಮನೇಲಿದ್ರೆ ಏನೂ ಉಪಯೋಗ ಇಲ್ಲ ಕಣಮ್ಮ. ಗುಡ್ಡದ ಕಡೆ, ಮರ ಗಿಡ ಇರೋ ಜಾಗ ನೋಡಿ" ಎಂದರು.

ಮೂರು ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರವಾಗಿ ಮನೆ ಹುಡುಕಲು ಹೊರಟೆವು. ಮೊದಲನೆಯದಕ್ಕೆ ಬಚ್ಚಲಿರಲಿಲ್ಲ. ಎರಡನೆಯದರ ಪಕ್ಕದಲ್ಲೇ ಕಾಫಿ ಪುಡಿ ಮಾಡುವ ಗಿರಣಿ. ಮೂರನೆಯದಕ್ಕೆ ಪೇಟೆಯ ಹಿಂದಿನ ಏರನ್ನು ಹತ್ತಬೇಕಿತ್ತು. ಹತ್ತುತ್ತಾ ಹೋದಂತೆ ಲಾರಿಯ ಸದ್ದು ಕೆಳಗೆ ಉಳಿಯಿತು. ಕೊನೆಯ ತಿರುವಿನಲ್ಲಿ, ಕಾಫಿ ಗಿಡಗಳ ನಡುವೆ, ಎರಡು ಕೋಣೆಯ ಹೆಂಚಿನ ಮನೆ. ಅದರ ಮೇಲೆ ಬಾಗಿ ನಿಂತ ಮೂರು ದೊಡ್ಡ ಮರಗಳು: ಒಂದು ಬಸರಿ, ಒಂದು ಅತ್ತಿ, ಒಂದು ಹಲಸು. ಅಂಗಳದ ಮೇಲೆ ನೆರಳು ಹಾಸಿತ್ತು. ಮಗಳು ಆ ನೆರಳಿನಲ್ಲಿ ನಿಂತು ಬಾಯಿ ತೆರೆದು ಮೇಲೆ ನೋಡಿದಳು. ಒಳಗನ್ನು ನೋಡುವ ಮೊದಲೇ ನನಗೆ ಆ ಮನೆ ಒಪ್ಪಿಗೆಯಾಗಿತ್ತು.

ಮನೆಯ ಒಡತಿ ಗಂಡನನ್ನು ಕಳೆದುಕೊಂಡ ಗೌಡರ ಹೆಂಗಸು. ಸ್ವಲ್ಪ ಮೇಲೆ ತಮ್ಮ ಹಳೆಯ ಮನೆಯಲ್ಲಿದ್ದು, ಆರು ಎಕರೆ ತೋಟ ನೋಡಿಕೊಳ್ಳುತ್ತಿದ್ದರು. ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ಮಂಗ್ಳೂರು ಕಡೆಯೋರಾ? ಹಂಗಾರೆ ಮೀನು ಮಾಡ್ತೀರಿ."

ನಾನು ಅಳುಕುತ್ತಾ, "ಮಾಡುತ್ತೇವೆ. ನಿಮಗೆ ತೊಂದರೆಯಾದರೆ..." ಎಂದೆ.

"ತೊಂದ್ರೆ ಏನು ಬಂತು? ಮಾಡ್ದಾಗ ಮೇಲಕ್ಕೂ ಒಂದ್ ಬಟ್ಲು ಕಳ್ಸಿ. ಬರೀ ವಾಸ್ನೆ ಕಳ್ಸಬ್ಯಾಡಿ."

ಮಾಗಿಯ ಚಳಿಯಲ್ಲಿ ಆ ಮನೆಗೆ ಬಂದೆವು. ಒಂದು ತಿಂಗಳಲ್ಲಿ ಮಗಳ ಎದೆಯ ಸದ್ದು ನಿಂತಿತು. ಎಲ್ಲ ಆ ಮರಗಳ ಪುಣ್ಯ ಎಂದು ನಾನು ನಂಬಿದೆ. ಹಾಗೆ ನಂಬುವುದು ನನಗೆ ಕಷ್ಟವೇನೂ ಆಗಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಬಾದಾಮಿ ಮರದ ಒಂದು ಟೊಂಗೆ ಮುರಿದರೂ ಸಿಸ್ಟರು ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಹೂಮಳೆ ಬಿದ್ದು, ಕಾಫಿ ಅರಳಿ ಉದುರಿದ ಮೇಲೆ ಒಂದು ಬೆಳಿಗ್ಗೆ ಹೊರಗೆ ಕತ್ತಿಯ ಸದ್ದು ಕೇಳಿತು. ಬಸರಿ ಮರದ ನೆತ್ತಿಯಲ್ಲಿ ಒಬ್ಬ ಆಳು ನಿಂತಿದ್ದ. ಸೊಂಟಕ್ಕೆ ಹಗ್ಗ. ನನ್ನ ತೋಳಿನ ದಪ್ಪದ ಕೊಂಬೆ ಅಂಗಳಕ್ಕೆ ಬಿತ್ತು. ನಾನು ಸೌಟು ಹಿಡಿದುಕೊಂಡೇ ಓಡಿ ಬಂದೆ.

"ನಿಲ್ಲಿಸಪ್ಪಾ! ಮರ ಯಾಕೆ ಕಡೀತಿದ್ದೀಯಾ?"

ಅವನು ಮೇಲಿಂದಲೇ ನಕ್ಕ. "ಕಡೀತಿಲ್ಲ ಕಣವ್ವಾ, ಇದು ಮರಗಸಿ. ಚೌರ ಮಾಡಿದಂಗೆ. ಮಳೆಗಾಲಕ್ ಮುಂಚೆ ತೋಟಕ್ಕೆಲ್ಲ ಮಾಡ್ಲೇಬೇಕು, ಇಲ್ದಿದ್ರೆ ಕೆಳಕ್ಕೆ ಬೆಳಕು ಬೀಳಕಿಲ್ಲ."

ಒಡತಿ ಇಳಿದು ಬಂದರು. ನಾನು ಮಗಳ ಉಬ್ಬಸದ ಕತೆ ಹೇಳಿ, ಈ ನೆರಳು ಹೋದರೆ ಅವಳಿಗೆ ಮತ್ತೆ ಬರುತ್ತದೆ ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ಅವರು ಸ್ವಲ್ಪ ಹೊತ್ತು ಮರ ನೋಡಿದರು, ನನ್ನ ಸೌಟು ನೋಡಿದರು.

"ಇಳಿಯೋ ಮಾರಾಯ. ಮನೆ ಮಗ್ಗುಲ ಮೂರು ಮರ ಬುಟ್ಬುಡು. ಮಗೀನ ವಿಚಾರ ಅಂತಾವ್ರೆ." ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಒಳ್ಳೇದಾಗಕಿಲ್ಲ ಕಣವ್ವ" ಎಂದಷ್ಟೇ ಹೇಳಿ ಹೋದರು.

ಸುತ್ತಲಿನ ತೋಟವೆಲ್ಲ ತಲೆ ಬೋಳಿಸಿಕೊಂಡು ನಿಂತಿತು. ನಮ್ಮ ಮನೆಗೆ ಮಾತ್ರ ಕೊಡೆ. ನನಗೆ ಗೆದ್ದಂತೆ ಅನಿಸಿತ್ತು.

ಆಷಾಢದ ಹೊತ್ತಿಗೆ ನಡು ಮಧ್ಯಾಹ್ನ ದೀಪ ಹಾಕಬೇಕಾಯಿತು. ಮೇಲಿನ ಮನೆಯ ಹೆಂಚುಗಳು ಮಳೆ ಬಿಟ್ಟ ಗಳಿಗೆಯಲ್ಲಿ ಆರುತ್ತಿದ್ದವು. ನಮ್ಮವು ಆರುತ್ತಿರಲಿಲ್ಲ. ಮಳೆ ನಿಂತ ಮೇಲೂ ಎಲೆಗಳಿಂದ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಮೊದಲು ಚಪ್ಪಲಿಗೆ ಬೂಷ್ಟು ಬಂತು. ಆಮೇಲೆ ಜಪಸರದ ಮಣಿಗಳಿಗೆ, ಮಗಳ ಹಾಸಿಗೆಯ ಪಕ್ಕದ ಗೋಡೆಗೆ. ಕೊನೆಗೆ ಒಂದು ದಿನ ಅವಳ ಎದೆಯಲ್ಲಿ ಆ ಸೀಟಿ ಮತ್ತೆ ಕೇಳಿತು.

ಗಂಡ ಕೂಗಾಡುವವರಲ್ಲ. ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, "ಸೋಮವಾರ ಇವಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ಬರುತ್ತೇನೆ. ಶಾಲೆ ಅಲ್ಲೇ ಮುಂದುವರಿಸಲಿ" ಎಂದರು. ಎಷ್ಟು ದಿನ ಎಂದು ನಾನು ಕೇಳಿದೆ. ಅವರು ಮಗಳ ಹೊದಿಕೆ ಸರಿಮಾಡಿದರು. ಆ ದಿನವೇ ಕಬ್ಬಿಣದ ಪೆಟ್ಟಿಗೆ ತೆಗೆದು ಅವಳ ಫ್ರಾಕುಗಳನ್ನು ಮಡಿಸಿಟ್ಟೆ. ಒಂದೂ ಸರಿಯಾಗಿ ಒಣಗಿರಲಿಲ್ಲ.

ಮರುದಿನ ಕೊಡೆ ಹಿಡಿದು ಒಡತಿಯ ಮನೆಗೆ ಹತ್ತಿದೆ. ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ. ಬಾಯಿಗೆ ಬಂದದ್ದು, "ಮರಗಸಿ ಮಾಡಿಸಿ ಅಮ್ಮ. ನನ್ನದೇ ತಪ್ಪು" ಎಂದಷ್ಟೆ.

"ತಪ್ಪು ಗಿಪ್ಪು ಆಮ್ಯಾಕಿರ್ಲಿ. ನಿನ್ನ ಮಾತಿಗೆ ಬುಟ್ಟು ಆ ಮರದಡಿ ಕಾಫಿನೂ ಕೊಳೆ ಹಿಡ್ದೈತೆ. ಈಗ ಜಾರ್ತದೆ ಕಣವ್ವ, ಮರ. ಈ ಮಳೇಲಿ ಆಳು ಹತ್ಸಿ ಅವನ ಹೆಂಡ್ರಿಗೆ ಏನ್ ಹೇಳ್ಲಿ? ಮಳೆ ಬಿಟ್ಟು ಹೊಳವಾಗ್ಲಿ. ಅಲ್ಲೀಗಂಟ ಮಗೀನ ನಮ್ಮ ಒಲೆ ಮುಂದೆ ತಂದ್ ಕೂರ್ಸು."

ಮಗಳು ಮೂರು ದಿನ ಅವರ ಒಲೆಯ ಮುಂದೆ ಹಲಸಿನ ಬೀಜ ಸುಟ್ಟು ತಿಂದಳು. ಶನಿವಾರ ಮಳೆ ಬಿಟ್ಟಿತು. ತೊಗಟೆ ಆರಲೆಂದು ಮಧ್ಯಾಹ್ನದವರೆಗೆ ಕಾದು ಅದೇ ಆಳು ಹತ್ತಿದ. ಈ ಸಲ ಅವನು ನಗಲಿಲ್ಲ. ಒಂದೊಂದು ಕೊಂಬೆಗೂ ಹಗ್ಗ ಬದಲಿಸಿ ಕಟ್ಟಿಕೊಳ್ಳುತ್ತಿದ್ದ. ಅವನ ಕಾಲು ಎಲ್ಲಿದೆ ಎಂದು ನೋಡುತ್ತಾ ನಾನು ಕೆಳಗೇ ನಿಂತಿದ್ದೆ. ಸಂಜೆಗೆ ಮೂರು ಮರ ಮುಗಿದವು. ಭಾನುವಾರ ನಾವು ಪೂಜೆಯಿಂದ ಬಂದಾಗ ಮಗಳ ಹಾಸಿಗೆಯ ಮೇಲೆ ಬಾಗಿಲಿನಷ್ಟು ಅಗಲದ ಬಿಸಿಲು ಬಿದ್ದಿತ್ತು. ಗೋಡೆಯನ್ನು ಸುಣ್ಣದ ನೀರಿನಿಂದ ಉಜ್ಜಿದೆ.

ಆ ಸಂಜೆ ಗಂಡ ಅವಳ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಸದ್ದು ಪೂರ್ತಿ ಹೋಗಿರಲಿಲ್ಲ.

"ಮುಂದಿನ ಸೋಮವಾರ ನೋಡೋಣ" ಎಂದರು.

ಮುಂದಿನ ವಾರವೂ ಕಿವಿಯಿಟ್ಟು ಅದನ್ನೇ ಹೇಳಿದರು. ಅದರ ಮುಂದಿನ ವಾರ ಅವಳು ಅವರ ಕೈಗೆ ಸಿಗದೆ ಅಂಗಳದಲ್ಲಿ ಬಿದ್ದಿದ್ದ ಕೊಂಬೆಗಳನ್ನು ಹತ್ತಿ ಇಳಿಯುತ್ತಿದ್ದಳು. ಅವರು ಮೆಟ್ಟಿಲ ಮೇಲೆ ಕುಳಿತು ಪೇಪರ್ ಓದಿದರು. ನಾನು ಒಳಗೆ ಹೋಗಿ ಪೆಟ್ಟಿಗೆಯಿಂದ ಫ್ರಾಕುಗಳನ್ನು ತೆಗೆದು, ಒಂದೊಂದಾಗಿ ಬಿಸಿಲಿಗೆ ಹರವಿದೆ.