ದುರ್ಗಮ್ಮನ ರೊಟ್ಟಿ ಎಮ್ಮೆಗೆ ಹಾಕಿದೆ

ನೆರೆ ಸಂತ್ರಸ್ತರಿಗೆಂದು ದುರ್ಗಮ್ಮ ಬಡಿದು ಕೊಟ್ಟ ರೊಟ್ಟಿಗಳನ್ನು ನಾನು ನಮ್ಮ ಎಮ್ಮೆಗೆ ಹಾಕಿದೆ. ನಾನೇ, ನನ್ನ ಕೈಯಾರೆ. ಅವು ಹಳಸಿರಲಿಲ್ಲ, ಬೂಸಲು ಹಿಡಿದಿರಲಿಲ್ಲ. ದುರ್ಗಮ್ಮ ದಲಿತರ ಕೇರಿಯವಳು — ಅಷ್ಟೇ ಕಾರಣ.

ಶಹಾಪುರದ ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಭೀಮೆ ಉಕ್ಕಿ ಯಾದಗಿರಿ ಕಡೆಯ ಹಳ್ಳಿಗಳಿಗೆ ನೀರು ಹೊಕ್ಕರೆ ಮನೆಮನೆಯಲ್ಲೂ ಜೋಳದ ಕಡಕ್ ರೊಟ್ಟಿ ಬಡಿಯುತ್ತೇವೆ. ಶೇಂಗಾ ಚಟ್ನಿ ಜೊತೆಗಿಟ್ಟು ಗಂಟು ಕಟ್ಟಿ, ಟಂಟಂ ಆಟೋದಲ್ಲಿ ಹೇರಿಕೊಂಡು ಗಂಜಿ ಕೇಂದ್ರಕ್ಕೆ ಒಯ್ಯುತ್ತೇವೆ. ಆ ವರ್ಷ ಎಲ್ಲ ಗಂಟುಗಳೂ ಕೂಡಿದ್ದು ನಮ್ಮ ಪಡಸಾಲೆಯಲ್ಲಿ. ಯಜಮಾನಿಕೆ ನನ್ನದು, ಬಹಳ ಮೆರೆದೆ. ಕೇರಿಯಿಂದ ಹಿಟ್ಟು ಬಂದರೆ ಇಸಿದುಕೊಳ್ಳುತ್ತಿದ್ದೆವು, ಅಕ್ಕಿ ಬಂದರೂ ಸೈ. ಬೇಯಿಸಿದ್ದು ಮಾತ್ರ — ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ದುರ್ಗಮ್ಮನಿಗೂ ಗೊತ್ತಿದ್ದೀತು. ಆದರೂ ಬಂದಳು. ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುವವಳು, ಅಂದು ಕೂಲಿ ಬಿಟ್ಟು ತನ್ನ ಮನೆಯ ಒಲೆ ಮುಂದೆ ಕೂತು ರೊಟ್ಟಿ ಬಡಿದು ತಂದಿದ್ದಳು.

“ನಾ ಸಣ್ಣಾಕಿ ಇದ್ದಾಗ ತವರೂರಾಗ ಹೊಳಿ ಬಂದು ಮನಿ ಹೋಗಿತ್ರಿ ಅಕ್ಕಾರ. ಯಾರೋ ಕೊಟ್ಟ ರೊಟ್ಟಿ ತಿಂದು ಬದುಕೀವ್ರಿ,” ಅಂದಳು.

ನಗುತ್ತಾ ಗಂಟು ಇಸಿದುಕೊಂಡೆ. ಅಯ್ಯೋ, ಆ ನಗು! ಬೇಡ ಅಂದಿದ್ದರೆ ನಾಲ್ಕು ಮಾತು ಬೈದು ಹೋಗುತ್ತಿದ್ದಳು, ಅದೇ ವಾಸಿ ಇತ್ತು. ಆಕೆ ಆಚೆ ಹೋದದ್ದೇ ತಡ, ಗಂಟನ್ನು ದನದ ಕೊಟ್ಟಿಗೆಯಲ್ಲಿಟ್ಟೆ.

ಕೇಂದ್ರದಲ್ಲಿ ಮಂದಿಯ ಸಾಲು ಇನ್ನೂ ಇತ್ತು — ನಮ್ಮ ರೊಟ್ಟಿ ಮುಗಿದವು. ಒಬ್ಬ ಮುದುಕಿ ಸೆರಗು ಒಡ್ಡಿಕೊಂಡೇ ನಿಂತಿದ್ದಳು. ಸೆರಗು ಒದ್ದೆಯಾಗಿತ್ತು. “ಖಲಾಸ್ ಆದ್ವು ಯವ್ವಾ,” ಅಂದೆ. ಅನ್ನುವಾಗಲೇ ಕೊಟ್ಟಿಗೆಯಲ್ಲಿದ್ದ ಗಂಟು ನೆನಪಾಯಿತು. ನೆನಪಾದರೂ — ಮನೆಗೆ ಬಂದು ಅದನ್ನು ಎಮ್ಮೆಯ ಮುಂದೆ ಸುರಿದೆ, ಯಾರಾದರೂ ಕಂಡಾರೆಂದು.

ಮರುದಿನ ದುರ್ಗಮ್ಮ ಕೇಳಿದಳು, “ತಿಂದ್ರೇನ್ರಿ?”

“ನಿನ್ನವ ಮೊದ್ಲ ಖಾಲಿ ಆದ್ವು ನೋಡವಾ,” ಅಂದೆ. ಆಕೆಯ ಮುಖ ಅರಳಿತು. ಕೇರಿ ತುಂಬ ಹೇಳಿಕೊಂಡು ಬಂದಳಂತೆ. ನಾಚಿಕೆಗೇಡಿ ನಾನು, ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಅತ್ತೆಯ ಅಂಜಿಕೆ ಇತ್ತು ಎಂದು ಬರೆಯಬಹುದು. ಸುಳ್ಳು. ಅತ್ತೆ ಅಂದು ಊರಲ್ಲೇ ಇರಲಿಲ್ಲ.

ಈ ವರ್ಷ ಮತ್ತೆ ಹೊಳೆ ಬಂತು. ದುರ್ಗಮ್ಮ ಇನ್ನೂ ದೊಡ್ಡ ಗಂಟು ತಂದು ನನ್ನ ಕೈಗಿಟ್ಟಳು. “ಆವಾಗ ಅವರಿಗೆ ಸೇರಿದ್ವಲ್ರಿ ಅಕ್ಕಾರ, ಅದಕ್ಕ ಜಾಸ್ತಿ ಮಾಡೀನಿ.”

ಹೇಳಿಬಿಟ್ಟೆ — ಕೊಟ್ಟಿಗೆ, ಎಮ್ಮೆ, ನಾನಾಡಿದ ಸುಳ್ಳು, ಎಲ್ಲ. ಬೈಯಲಿ ಎಂದು ಕಾದೆ. ಆಕೆ ಕೇಳಿದ್ದು ಒಂದೇ.

“ಅವತ್ತ ಅಲ್ಲಿ ಎಲ್ಲಾರಿಗೂ ಸಾಲಿದ್ವೇನ್ರಿ ರೊಟ್ಟಿ?”

“ಇಲ್ಲ,” ಅಂದೆ. ಮುದುಕಿಯ ಸಂಗತಿಯನ್ನೂ ಹೇಳಿದೆ.

ದುರ್ಗಮ್ಮ ನನ್ನ ಕೈಯಿಂದ ಗಂಟು ಕಸಿದುಕೊಂಡಳು. “ನಾನೇ ಒಯ್ತೀನಿ ಬಿಡ್ರಿ,” ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು. ಟಂಟಂ ಬಾಗಿಲಲ್ಲೇ ನಿಂತಿತ್ತು. ಬಾ, ಹತ್ತಿಕೋ ಅನ್ನಲು ನನಗೆ ಬಾಯಿ ಬರಲಿಲ್ಲ.

ಓಣಿಯ ಹೆಣ್ಣುಮಕ್ಕಳು ಏನಾಯಿತೆಂದು ಸುತ್ತುವರಿದರು. ಅವರಿಗೂ ಹೇಳಿದೆ. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು, “ಅಯ್ಯ, ಅದಕ್ಯಾಕ ಅಳ್ತೀರಿ? ನಾವಾಗಿದ್ರೂ ಹಂಗ ಮಾಡ್ತಿದ್ವಿ,” ಎಂದು ಸಮಾಧಾನ ಮಾಡಿದಳು. ಉಳಿದವರೂ ಹೌದೌದು ಎಂದು ತಲೆಯಾಡಿಸಿದರು.