ಕಾಜಾ ಮೇಷ್ಟ್ರ ಅಂಗಿ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕಾಜಾ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ದರ್ಜಿ ಅಂಗಡಿಯಲ್ಲಿ ಅಳತೆ ತೆಗೆಯುವವರು, ಬಟ್ಟೆ ಕತ್ತರಿಸುವವರು ಎಷ್ಟೇ ಮೆರೆಯಲಿ, ಗುಂಡಿ ತೂರುವ ಕಾಜಾ ಮಾತ್ರ ಅವರ ಕೈಯಿಂದಲೇ ಆಗಬೇಕು. ಮಗಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಕಿಟಕಿ ಪಕ್ಕದ ಮುಕ್ಕಾಲಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಇಸ್ತ್ರಿಯ ಬಿಸಿ ವಾಸನೆ, ದಾರ ಕಡಿಯುವಾಗ ಓರೆಯಾಗುತ್ತಿದ್ದ ಅಪ್ಪನ ಬಾಯಿ. ಗಿರಾಕಿ ಅವಸರ ಮಾಡಿದರೆ, "ಬೇಕಾದ್ರೆ ಪಿನ್ನು ಚುಚ್ಕೊಂಡು ಹೋಗಪ್ಪ, ಕಾಟಾಚಾರಕ್ಕೆ ಹೊಲಿಯೋನಲ್ಲ ನಾನು" ಅನ್ನುತ್ತಿದ್ದರು. ಎಂಥಾ ಸುಖದ ದಿನಗಳವು!

ಅಂಥವರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಮಾತ್ರ ನಡುಗತೊಡಗಿತು. ಆಗಲೇ ಅಂಗಡಿ ವಹಿಸಿಕೊಂಡಿದ್ದ ಮಗಳು ಅಪ್ಪನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡಳು. ಊಟ ತಿನ್ನಿಸಿದಳು, ತಲೆ ಬಾಚಿದಳು, ಫ್ಯಾನು ಹಾಕುವುದು ಆರಿಸುವುದೂ ಅವಳದೇ. ದರ್ಜಿ ಮನೆಯವರಿಗಷ್ಟೇ ಹೊಳೆಯುವ ಇನ್ನೊಂದು ಕೆಲಸವನ್ನೂ ಮಾಡಿದಳು. ಅಪ್ಪನ ಅಂಗಿಗಳ ಗುಂಡಿಗಳನ್ನು ಕಿತ್ತು, ಕಾಜಾಗಳನ್ನು ಹೊಲಿದು ಮುಚ್ಚಿ, ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಕೂರಿಸಿದಳು. ಬೀದಿಯವರು ಹೊಗಳಿದ್ದೇ ಹೊಗಳಿದ್ದು.

ಅಪ್ಪ ಮಾತ್ರ ದಿನದಿಂದ ದಿನಕ್ಕೆ ಸೊರಗಿದರು. ಊಟ ಸೇರದು, ನಿದ್ದೆ ಬಾರದು. "ಏನ್ ಬೇಕಪ್ಪಾ?" ಎಂದರೆ, "ನಿಂಗೆ ಹೆಂಗೆ ತೋಚುತ್ತೋ ಹಂಗೆ ಮಾಡಮ್ಮ" ಎನ್ನುತ್ತಿದ್ದರು. ಗಿರಾಕಿಗಳನ್ನು ದಬಾಯಿಸುತ್ತಿದ್ದ ಬಾಯಿಂದ ಈಗ ಬರುತ್ತಿದ್ದುದು ಅದೊಂದೇ ಮಾತು. ಡಾಕ್ಟರು ಪರೀಕ್ಷೆ ಮಾಡಿ, "ಎದೆ, ರಕ್ತ ಎಲ್ಲ ಸರಿಯಾಗೇ ಇದೆ. ಬದುಕೋ ಮನಸ್ಸೇ ಇಲ್ಲ ಇವರಿಗೆ. ಹಿಂಗೇ ಊಟ ಬಿಟ್ರೆ ಹೆಚ್ಚು ದಿನ ಉಳಿಯಲ್ಲ" ಎಂದು ಕೈಚೆಲ್ಲಿದರು.

ಒಂದು ದಿನ ಪಟ್ಟಿಯ ಅಂಗಿಗಳೆಲ್ಲ ಒಗೆಯಲು ಬಿದ್ದಿದ್ದವು. ಬೀರುವಿನ ತಳದಲ್ಲಿ, ಅವಳ ಕತ್ತರಿಯಿಂದ ತಪ್ಪಿಸಿಕೊಂಡಿದ್ದ ಹಳೆಯ ನೀಲಿ ಅಂಗಿಯೊಂದು ಸಿಕ್ಕಿತು. ಅದನ್ನೇ ತೊಡಿಸಿ ಮೊದಲ ಗುಂಡಿಗೆ ಕೈ ಹಾಕುವಷ್ಟರಲ್ಲಿ ಅಂಗಡಿಯಿಂದ ಗಿರಾಕಿ ಕೂಗಿದ. "ಇರಪ್ಪ, ಬಂದೆ" ಎಂದು ಓಡಿದವಳು ಅವನ ತಕರಾರಿನಲ್ಲಿ ಅಪ್ಪನನ್ನು ಮರೆತೇಬಿಟ್ಟಳು.

ನೆನಪಾಗಿ ಎದ್ದುಬಿದ್ದು ಬಂದರೆ, ಅಪ್ಪ ಹಣೆಯ ಬೆವರು ಒರೆಸಿಕೊಳ್ಳುತ್ತಾ ಊಟದ ಮೇಜಿನ ಮುಂದೆ ಕೂತಿದ್ದರು. ಗುಂಡಿಗಳನ್ನೆಲ್ಲ ತಾವೇ ಹಾಕಿಕೊಂಡಿದ್ದರು, ಆದರೆ ಒಂದು ಕಾಜಾ ತಪ್ಪಿ. ಅಂಗಿಯ ಒಂದಂಚು ಮೇಲೆ, ಇನ್ನೊಂದು ಕೆಳಗೆ. ಕಾಜಾ ಮೇಷ್ಟ್ರ ಅಂಗಿ ಹೀಗಿರುವುದುಂಟೇ! ಅವಳ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬೇಡ!" ಅಪ್ಪ ಗದರಿದರು. "ನಾನ್ ಹಾಕ್ಕೊಂಡಿದ್ದು, ಹಂಗೇ ಇರ್ಲಿ. ಹೊಟ್ಟೆ ಚುರುಗುಟ್ತಾ ಇದೆ, ಬಡಿಸು ಮೊದ್ಲು."

ಎಷ್ಟೋ ದಿನದ ಮೇಲೆ ಕೇಳಿದ ಆ ಗದರಿಕೆಗೆ ಅವಳಿಗೆ ಅಳು, ನಗು ಒಟ್ಟಿಗೇ ಬಂತು. ಅವತ್ತೇ ಕೂತು ಪಟ್ಟಿಗಳನ್ನು ಕಿತ್ತು, ಕಾಜಾಗಳನ್ನು ಬಿಡಿಸಿ, ಗುಂಡಿಗಳನ್ನು ಮತ್ತೆ ಹೊಲಿದಳು. ಬಾಚಣಿಗೆ, ಫ್ಯಾನಿನ ಸ್ವಿಚ್ಚು, ಊಟದ ಚಮಚ ಎಲ್ಲ ಅಪ್ಪನ ವಶಕ್ಕೆ ಹೋದವು. ಅಪ್ಪ ಆಮೇಲೂ ಎಷ್ಟೋ ವರ್ಷ ಬದುಕಿದರು, ಓರೆ ಅಂಗಿಯಲ್ಲೇ ಬೀದಿ ಸುತ್ತುತ್ತಾ, ಸಿಕ್ಕಸಿಕ್ಕವರಿಗೆ ಬುದ್ಧಿ ಹೇಳುತ್ತಾ.

ಕೊನೆಯ ದಿನ ಅವರಿಗೆ ಆ ನೀಲಿ ಅಂಗಿ ತೊಡಿಸಿದವಳು ಅವಳೇ. ಪಳಗಿದ ಕೈ, ಗುಂಡಿಗಳನ್ನೆಲ್ಲ ನೇರವಾಗಿ ಹಾಕಿಬಿಟ್ಟಿತ್ತು. ದೂರ ನಿಂತು ನೋಡಿದಳು. ಅಪ್ಪನ ಹಾಗೆ ಕಾಣಲಿಲ್ಲ. ಎಲ್ಲ ಬಿಚ್ಚಿ, ಒಂದು ಕಾಜಾ ತಪ್ಪಿಸಿ ಮತ್ತೆ ಹಾಕಿದಳು.